ಮೊದಲು ಎಲ್ಲಿ ನೋಡಬೇಕು

ಗುಂಡಿ ಒತ್ತಿದ ಮೊದಲ ಗಳಿಗೆಯಲ್ಲಿ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ವಿಂಡೋಸ್ ಅಂದರೇನು, ಕನ್ನಡ ಅಂದರೇನು, ನಿನ್ನೆ ರಾತ್ರಿ ನಾವು ಅರ್ಧಕ್ಕೆ ಬಿಟ್ಟ ಅಧ್ಯಾಯ ಎಲ್ಲಿದೆ, ಊಹೂಂ. ಆಗ ಅದರ ಬಳಿ ಇರುವುದು ಮದರ್‌ಬೋರ್ಡಿನ ಪುಟ್ಟ ಚಿಪ್ಪೊಂದರಲ್ಲಿ ಬರೆದಿಟ್ಟ ಒಂದಿಷ್ಟು ಸೂಚನೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದು ಹೆಸರು. ಅದರ ಜೊತೆಗೆ ಒಂದು ಪಟ್ಟಿ ಇರುತ್ತದೆ: ಮೊದಲು ಫ್ಲಾಪಿಯಲ್ಲಿ ನೋಡು, ಅಲ್ಲಿ ಇಲ್ಲದಿದ್ದರೆ ಸಿಡಿಯಲ್ಲಿ, ಅಲ್ಲೂ ಇಲ್ಲದಿದ್ದರೆ ಹಾರ್ಡ್ ಡಿಸ್ಕಿನಲ್ಲಿ. ಈ ಪಟ್ಟಿಯೇ ಬೂಟ್ ಆರ್ಡರ್. ಹಾರ್ಡ್ ಡಿಸ್ಕಿನ ಬಾಗಿಲಿಗೆ ಬಂದ ಬಯಾಸ್ ಒಳಗೆಲ್ಲ ಓಡಾಡಿ ನೋಡುವುದಿಲ್ಲ. ಮೊಟ್ಟಮೊದಲ 512 ಬೈಟುಗಳನ್ನಷ್ಟೇ ಓದುತ್ತದೆ. ಅವುಗಳಲ್ಲಿ ಕೊನೆಯ ಎರಡು ಬೈಟು 85 ಮತ್ತು 170 ಆಗಿದ್ದರೆ ಅದಕ್ಕೆ ಸಮಾಧಾನ. ಇಡೀ ಯಂತ್ರವನ್ನು ಆ 512 ಬೈಟುಗಳ ಕೈಗೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ಪಟ್ಟಿಯಲ್ಲಿ ಕೆಳಗಿದ್ದವರ ಕಡೆ ಆಮೇಲೆ ತಿರುಗಿಯೂ ನೋಡುವುದಿಲ್ಲ.

ಜಾನಪದ ಓದುವ ನನಗೆ ಇದನ್ನೆಲ್ಲ ತಿಳಿದುಕೊಳ್ಳಬೇಕಾಗಿ ಬಂದದ್ದು ಮದುವೆ ಹಾಡುಗಳ ಸಲುವಾಗಿ.

ನನ್ನ ಪಿಎಚ್.ಡಿ. ವಿಷಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹೆಂಗಸರು ಮದುವೆಯಲ್ಲಿ ಹೇಳುವ ಹಾಡುಗಳು. ನಮ್ಮ ಕಡೆ ಹಾಡು ಹಾಡುವುದಲ್ಲ, ಹೇಳುವುದು. ಎಣ್ಣೆ ಅರಿಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಆರತಿ ಎತ್ತುವಾಗ ಒಂದು, ಹೆಣ್ಣು ಒಪ್ಪಿಸಿಕೊಡುವಾಗ ಎಲ್ಲರ ಗಂಟಲೂ ಕಟ್ಟುವ ಇನ್ನೊಂದು. ಒಂದೇ ಹಾಡು ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಮೂರು ಬಗೆ. ಒಂದೇ ಊರಿನ ಎರಡು ಕೇರಿಗಳಲ್ಲಿ ಎರಡು ಬಗೆ. ಕುಮಟೆಯ ಎಲ್. ಆರ್. ಹೆಗಡೆಯವರಂಥ ವಿದ್ವಾಂಸರು ಈ ಜಿಲ್ಲೆಯ ಹಾಡು, ಕಥೆಗಳನ್ನು ಮನೆಮನೆಗೆ ತಿರುಗಿ ಬರೆದುಕೊಂಡವರು. ಅವರಷ್ಟು ಹೆಸರು ಮಾಡದೆ, ಪುಸ್ತಕವನ್ನೂ ತರದೆ ಅದೇ ಕೆಲಸ ಮಾಡಿದವರು ಊರಿಗೊಬ್ಬರಾದರೂ ಸಿಗುತ್ತಾರೆ. ನನ್ನ ದೊಡ್ಡಪ್ಪ ಅಂಥವರಲ್ಲಿ ಒಬ್ಬರು.

ಅವರು ಸಿದ್ದಾಪುರ ತಾಲೂಕಿನ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ದೊಡ್ಡಾಯಿಯನ್ನು ಕರೆದುಕೊಂಡು, ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಊರೂರು ತಿರುಗಿದರು. ಗಂಡಸು ಒಬ್ಬನೇ ಹೋಗಿ ಕೇಳಿದರೆ ಯಾವ ಅಜ್ಜಿಯೂ ಬಾಯಿ ಬಿಡುವುದಿಲ್ಲ. ದೊಡ್ಡಾಯಿ ಎರಡು ಸಾಲು ಹೇಳಿದರೆ ಸಾಕು, ಎದುರಿನವರು ‘ಅದು ಹಾಂಗಲ್ಲ’ ಎಂದು ತಾವೇ ಶುರು ಮಾಡುತ್ತಿದ್ದರಂತೆ. 2003ರಲ್ಲಿ ದೊಡ್ಡಪ್ಪ ಶಿರಸಿಯಲ್ಲಿ ಬಿಡಿಭಾಗ ಜೋಡಿಸಿದ ಒಂದು ಕಂಪ್ಯೂಟರ್ ತಂದು, ಎರಡು ಬೆರಳಿನಲ್ಲಿ ಕನ್ನಡ ಟೈಪಿಂಗ್ ಕಲಿತು, ಕ್ಯಾಸೆಟ್ಟುಗಳನ್ನೆಲ್ಲ ಕೇಳಿ ಕೇಳಿ ಒಳಗೆ ಹಾಕಿದರು. ಡಿಟಿಪಿ ಮಾಡುವ ಹುಡುಗನೊಬ್ಬ ವಾರಕ್ಕೊಮ್ಮೆ ಮನೆಗೇ ಬಂದು ಪೇಜ್‌ಮೇಕರಿನಲ್ಲಿ ಪುಟ ಕಟ್ಟುತ್ತಿದ್ದ. ಹಾಡುವವರು ಎರಡು ಗುಂಪಾಗಿ ಹೇಳುವಾಗ ಮೊದಲ ಗುಂಪಿನ ಬಾಯಿಂದ ಎರಡನೆಯ ಗುಂಪು ಸಾಲನ್ನು ಎತ್ತಿಕೊಳ್ಳುವ ಜಾಗ ಯಾವುದು, ಎಳೆಯುವ ಅಕ್ಷರ ಯಾವುದು ಎಂದು ತೋರಿಸಲು ದೊಡ್ಡಪ್ಪನಿಗೆ ಎರಡು ಗುರುತು ಬೇಕಾಗಿತ್ತು. ಆ ಹುಡುಗ ಫಾಂಟನ್ನೇ ಬಿಚ್ಚಿ, ಯಾರೂ ಬಳಸದ ಎರಡು ಚಿಹ್ನೆಗಳ ಜಾಗದಲ್ಲಿ ಅವನ್ನು ಕೂರಿಸಿಕೊಟ್ಟ. ಹಾಗಾಗಿ ಆ ಫಾಂಟು ಜಗತ್ತಿನಲ್ಲಿ ಇದ್ದದ್ದು ಆ ಒಂದು ಯಂತ್ರದಲ್ಲಿ.

ಪುಸ್ತಕ ಅಚ್ಚಾಗುವ ಮೊದಲೇ ದೊಡ್ಡಪ್ಪ ತೀರಿಕೊಂಡರು. ಕೈಬರಹದ ಪುಸ್ತಕಗಳನ್ನು ಒರಲೆ ತಿಂದಿತು. ಕ್ಯಾಸೆಟ್ಟುಗಳಿಗೆ ನಮ್ಮ ಮಳೆಗಾಲದ ಬೂಷ್ಟು ಹಿಡಿಯಿತು. ಉಳಿದದ್ದು ಮಾಳಿಗೆಯ ಮೇಲೆ ಹಳೆಯ ಪಂಚೆ ಹೊದ್ದು ಕೂತಿದ್ದ ಕಂಪ್ಯೂಟರ್. ಅದರ ಮದರ್‌ಬೋರ್ಡಿನ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡಿದ್ದವು. ಅದು ಇನ್ನು ಏಳುವಂತಿರಲಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಕಿವಿಗಿಟ್ಟು ಕೇಳಿದರೆ ಸಣ್ಣಗೆ ತಿರುಗುತ್ತಿತ್ತು.

ಶಿರಸಿಯ ಒಂದು ರಿಪೇರಿ ಅಂಗಡಿಯಲ್ಲಿ ಅಗಲ ಪಟ್ಟಿಯ ಕೇಬಲ್ಲಿನ ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಕ್ಕಿತು. ನಲವತ್ತು ಜಿಬಿಯ ಡಿಸ್ಕು. ಅದರ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ, ಖಾಲಿ ಜಾಗವನ್ನೂ ಬಿಡದೆ, ಒಂದೇ ದೊಡ್ಡ ಕಡತವಾಗಿ ನಕಲು ತೆಗೆದುಕೊಂಡೆ. ಅಂಗಡಿಯವನಿಗೆ ಇದು ಅತಿಯೆನಿಸಿತು. ‘ಫೈಲ್ ಅಷ್ಟೇ ಕಾಪಿ ಮಾಡ್ಕಂಡ್ರೆ ಸಾಕಲ್ರಾ?’ ಎಂದ. ಮಾಮೂಲಿ ಕಡತವಾಗಿದ್ದರೆ ಸಾಕಿತ್ತು. ಆದರೆ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ಕಡತಗಳ ಒಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಚೂರುಗಳ ವೇಷ ಹಾಕಿಸಿರುತ್ತಾರೆ. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಮೂರು ಅಕ್ಷರವನ್ನು ಆ ಫಾಂಟಿಲ್ಲದೆ ತೆರೆದು ನೋಡಿ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನಿನ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಎ. ಇದನ್ನು ಯೂನಿಕೋಡಿಗೆ ತಿರುಗಿಸುವ ಸಲಕರಣೆಗಳು ಈಗ ಬೇಕಾದಷ್ಟಿವೆ. ಅವು ಸಾಮಾನ್ಯ ಫಾಂಟುಗಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ದೊಡ್ಡಪ್ಪನ ಎರಡು ಗುರುತುಗಳು ಅವುಗಳ ಲೆಕ್ಕದಲ್ಲಿಲ್ಲ. ಜೊತೆಗೆ ಪುಟಗಳಿದ್ದದ್ದು ಪೇಜ್‌ಮೇಕರಿನ ಕಡತದಲ್ಲಿ. ಆ ಪೇಜ್‌ಮೇಕರಾದರೂ ಇದ್ದದ್ದು ಆ ಡಿಸ್ಕಿನಲ್ಲೇ. ಬೇಕಾದದ್ದು ಕಡತವಲ್ಲ, ಇಡೀ ಯಂತ್ರ.

ಸತ್ತ ಯಂತ್ರವನ್ನು ಎಬ್ಬಿಸುವ ದಾರಿಯ ಹೆಸರು ವರ್ಚುವಲ್ ಮಷಿನ್. ಅದು ಯಂತ್ರದ ವೇಷ ಕಟ್ಟಿದ ಪ್ರೋಗ್ರಾಮು. ನಮ್ಮ ಲ್ಯಾಪ್‌ಟಾಪಿನ ಒಳಗೆ ಒಂದು ಕಿಟಕಿಯಲ್ಲಿ ಕೂತು, ಒಳಗಿನ ವಿಂಡೋಸಿಗೆ ‘ನಾನೇ ನಿನ್ನ ಮದರ್‌ಬೋರ್ಡು, ಇಗೋ ನಿನ್ನ ಸಿಡಿ ಡ್ರೈವು, ಇಗೋ ನಿನ್ನ ಡಿಸ್ಕು’ ಎಂದು ನಂಬಿಸುತ್ತದೆ. ಒಳಗಿರುವವರಿಗೆ ವೇಷವೇ ನಿಜ. ಇದೇನೂ ನಿನ್ನೆ ಮೊನ್ನೆಯ ಉಪಾಯವಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ 1960ರ ದಶಕದಲ್ಲಿ ಹುಟ್ಟಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೋಣೆ ತುಂಬುವ ಒಂದೇ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಅವರದೇ ಎಂಬಂಥ ಒಂದೊಂದು ಯಂತ್ರ, ಅದಕ್ಕೊಂದು ಸುಳ್ಳು ಕಾರ್ಡ್ ರೀಡರು, ಸುಳ್ಳು ಪ್ರಿಂಟರು. ಕೆಲಸಕ್ಕೆ ಕೂತವರು ಮೊದಲು ಹೇಳಬೇಕಾದದ್ದು ಯಾವ ಸಾಧನದಿಂದ ಹೊರಡಬೇಕು ಎಂಬುದನ್ನೇ. ಅದಕ್ಕೆ ಅವರ ಆಜ್ಞೆ ಐಪಿಎಲ್. ಕ್ರಿಕೆಟ್ಟಲ್ಲ, ಇನಿಷಿಯಲ್ ಪ್ರೋಗ್ರಾಮ್ ಲೋಡ್. ಐಬಿಎಂನವರು ಬೂಟ್ ಎಂಬ ಮಾತನ್ನು ಹತ್ತಿರ ಸೇರಿಸಿಕೊಂಡಿರಲಿಲ್ಲ.

ಆ ಮಾತನ್ನು ದೊಡ್ಡಾಯಿಯೂ ಸೇರಿಸಿಕೊಳ್ಳಲಿಲ್ಲ. ಸಿದ್ದಾಪುರದ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾಗ, ‘ಬೂಟ್ ಆಗ್ತಾ ಇಲ್ಲೆ’ ಎಂದು ನಾನು ಗೊಣಗಿದ್ದು ಕೇಳಿಸಿ ಅಡಿಕೆ ಸುಲಿಯುತ್ತಿದ್ದವರು ತಲೆ ಎತ್ತಿದರು. ‘ಬೂಟು ಹೇಳಿರೆ ಕಾಲಿಗೆ ಹಾಕ್ಯಂಬದಲ್ದಾ?’ ಹೌದು, ಅದೇ ಬೂಟು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ ಬಂದದ್ದು. ಹೊರಗಿನಿಂದ ಯಾರೂ ಎಬ್ಬಿಸದೆ ಯಂತ್ರ ತನ್ನೊಳಗಿನ ಚೂರಿನಿಂದ ದೊಡ್ಡ ಚೂರನ್ನು, ಅದರಿಂದ ಇನ್ನೂ ದೊಡ್ಡದನ್ನು ಎಳೆದುಕೊಳ್ಳುತ್ತದಲ್ಲ, ಅದಕ್ಕೆ. ‘ಜುಟ್ಟು ಹಿಡ್ಕಂಡು ಬಾವಿಂದ ಮೇಲೆ ಬಂದಂಗೆ’ ಎಂದರು ದೊಡ್ಡಾಯಿ. ಇಂಗ್ಲಿಷಿಗಿಂತ ಅದೇ ವಾಸಿ.

ನಾನು ಬಳಸಿದ್ದು ವರ್ಚುವಲ್‌ಬಾಕ್ಸ್. ಜರ್ಮನಿಯ ಸಣ್ಣ ಕಂಪನಿಯೊಂದು 2007ರಲ್ಲಿ ಹೊರತಂದದ್ದು, ಸನ್ ಕೈಗೆ ಹೋಗಿ ಈಗ ಒರಾಕಲ್ ಕೈಯಲ್ಲಿದೆ. ಬಿಟ್ಟಿ ಸಿಗುತ್ತದೆ. ಅದರ ಸೆಟ್ಟಿಂಗಿನಲ್ಲಿ ಸಿಸ್ಟಮ್ ಎಂಬ ಪುಟಕ್ಕೆ ಹೋದರೆ ನಾಲ್ಕು ಹೆಸರಿನ ಸಣ್ಣ ಪೆಟ್ಟಿಗೆ: ಫ್ಲಾಪಿ, ಆಪ್ಟಿಕಲ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್. ಪ್ರತಿಯೊಂದರ ಮುಂದೆ ಗುರುತು ಹಾಕುವ ಚೌಕ, ಪಕ್ಕದಲ್ಲಿ ಮೇಲೆ ಕೆಳಗೆ ಸರಿಸುವ ಬಾಣ. ಯಾವ ಡಿಸ್ಕನ್ನೂ ಜೋಡಿಸದೆ ಯಂತ್ರವನ್ನು ಎಬ್ಬಿಸಿದರೆ ಅದು ಪಟ್ಟಿಯನ್ನೆಲ್ಲ ಸುತ್ತಿ ಬಂದು, ಹೊರಡಲು ಜಾಗವೇ ಸಿಗಲಿಲ್ಲ, ನಿಂತಿದ್ದೇನೆ ಎಂದು ಕಪ್ಪು ಪರದೆಯ ಮೇಲೆ ಬರೆದು ಕೂರುತ್ತದೆ. ಒಂದೇ ಸಲಕ್ಕೆ ಬೇರೆ ಕಡೆಯಿಂದ ಹೊರಡಿಸಬೇಕೆಂದರೆ ಏಳುವಾಗ ಎಫ್12 ಒತ್ತಿದರೂ ಆಗುತ್ತದೆ. ಹೊಸ ಯಂತ್ರಗಳ ಇಎಫ್‌ಐ ಎಂಬ ಚೌಕಕ್ಕೆ ಇಲ್ಲಿ ಗುರುತು ಹಾಕಬಾರದು. ಇಎಫ್‌ಐ ಬೇರೆಯದೇ ಕ್ರಮದಲ್ಲಿ ಹುಡುಕುತ್ತದೆ, ಬಯಾಸ್ ಕಾಲದ ಡಿಸ್ಕಿನ ಬಾಗಿಲು ಅದಕ್ಕೆ ಬಾಗಿಲೆಂದು ಕಾಣುವುದಿಲ್ಲ. ನೆಟ್‌ವರ್ಕನ್ನು ಪಟ್ಟಿಯಿಂದಷ್ಟೇ ಅಲ್ಲ, ಯಂತ್ರದಿಂದಲೇ ಕಿತ್ತಿಟ್ಟೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಕೈಬಿಟ್ಟಿದೆ. ಅದನ್ನು ಇಂಟರ್‌ನೆಟ್ಟಿನ ಬೀದಿಗೆ ಬಿಡುವುದು ಬೇಡ.

ಹಾರ್ಡ್ ಡಿಸ್ಕಿನ ನಕಲನ್ನು ಜೋಡಿಸಿ ಎಬ್ಬಿಸಿದಾಗ 85, 170 ಸಿಕ್ಕವು, ಎಕ್ಸ್‌ಪಿಯ ಗುರುತೂ ಪರದೆಯ ಮೇಲೆ ಮೂಡಿತು. ಮರುಕ್ಷಣ ನೀಲಿ ಪರದೆ. ಸೊನ್ನೆಗಳ ಸಾಲಿನ ಕೊನೆಯಲ್ಲಿ 7ಬಿ ಎಂಬ ಸಂಖ್ಯೆ. ಅದರ ಅರ್ಥ, ಬೂಟ್ ಸಾಧನ ಕೈಗೆಟುಕುತ್ತಿಲ್ಲ.

ಈ ಏಟು ನನ್ನನ್ನು ಒಂದು ಮಧ್ಯಾಹ್ನ ಕೂರಿಸಿತು. ಆ ಡಿಸ್ಕಿನಿಂದಲೇ ಎದ್ದು ಬಂದ ವಿಂಡೋಸು ಆ ಡಿಸ್ಕೇ ಕಾಣುತ್ತಿಲ್ಲ ಎನ್ನುವುದು ಹೇಗೆ? ವಿಷಯ ಹೀಗಿದೆ. ಮೊದಲ ಹೆಜ್ಜೆಗಳಲ್ಲಿ ಡಿಸ್ಕನ್ನು ಓದಿಕೊಡುವುದು ಬಯಾಸ್. ವಿಂಡೋಸಿನ ತಿರುಳು ನೆನಪಿಗೆ ಬಂದು ಕೂತ ಮೇಲೆ ಬಯಾಸಿನ ಕೈ ಬಿಟ್ಟು, ತನ್ನದೇ ಡ್ರೈವರ್ ಹಿಡಿದು ಡಿಸ್ಕಿನ ಕಡೆ ತಿರುಗುತ್ತದೆ. ದೊಡ್ಡಪ್ಪನ ಯಂತ್ರದ ಮದರ್‌ಬೋರ್ಡು ಒಂದು ಕಂಪನಿಯದು, ವರ್ಚುವಲ್‌ಬಾಕ್ಸ್ ಹಾಕಿಕೊಂಡ ವೇಷ ಇನ್ನೊಂದರದು. ಎಕ್ಸ್‌ಪಿಗೆ ಗೊತ್ತಿದ್ದದ್ದು ಹಳೆಯ ಕಂಟ್ರೋಲರಿನ ಜೊತೆ ಮಾತಾಡುವುದು. ಹಾಗಾಗಿ ತಾನು ನಿಂತ ನೆಲವೇ ಅದಕ್ಕೆ ಕಾಣದು. ಬೇರೆ ಊರಿನಿಂದ ಬಂದ ಸೊಸೆಗೆ ಮೊದಲ ದಿನ ಬಚ್ಚಲು ಮನೆ ಎಲ್ಲಿದೆ ಎಂದು ಯಾರೂ ಹೇಳದಿದ್ದರೆ ಆಗುವ ಪಾಡು.

ಪಟ್ಟಿಯ ಬಾಣ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ದೊಡ್ಡಪ್ಪನ ಕಪಾಟಿನಲ್ಲಿ ಎಕ್ಸ್‌ಪಿಯ ಸಿಡಿ ಇತ್ತು. ಅದರ ನಕಲು ತೆಗೆದು ವರ್ಚುವಲ್ ಸಿಡಿ ಡ್ರೈವಿಗೆ ಹಾಕಿ, ಆಪ್ಟಿಕಲ್ಲನ್ನು ಹಾರ್ಡ್ ಡಿಸ್ಕಿಗಿಂತ ಮೇಲೆ ಏರಿಸಿದೆ. ಅದಕ್ಕೂ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಟ್ಟದ್ದರಿಂದ ಏನೇ ಆದರೂ ಹಿಂದಿನ ಸ್ಥಿತಿಗೆ ಮರಳಬಹುದಿತ್ತು. ನಿಜವಾದ ಯಂತ್ರಕ್ಕೆ ಈ ಭಾಗ್ಯವಿಲ್ಲ. ಈ ಸಲ ಯಂತ್ರ ಎದ್ದಾಗ, ಸಿಡಿಯಿಂದ ಹೊರಡಬೇಕಾದರೆ ಯಾವುದಾದರೂ ಕೀಲಿ ಒತ್ತು ಎಂದು ಕೇಳಿತು. ಒತ್ತಿದೆ. ಹೊಸದಾಗಿ ಹಾಕುವುದೋ, ಇದ್ದದ್ದನ್ನು ರಿಪೇರಿ ಮಾಡುವುದೋ ಎಂದು ಕೇಳಿತು. ರಿಪೇರಿ ಎಂದೆ. ಒಳಗಿದ್ದ ಕಡತಗಳಿಗೂ ಪ್ರೋಗ್ರಾಮುಗಳಿಗೂ ಕೈಹಚ್ಚದೆ ವಿಂಡೋಸಿನ ಮೂಳೆಗಳನ್ನಷ್ಟೇ ಅದು ಹೊಸ ಯಂತ್ರಕ್ಕೆ ತಕ್ಕಂತೆ ಜೋಡಿಸುತ್ತದೆ. ಅರ್ಧ ದಾರಿಯಲ್ಲಿ ತಾನೇ ನಿಂತು ಮತ್ತೆ ಏಳುತ್ತದೆ. ಆಗ ಅದೇ ಪ್ರಶ್ನೆ, ಕೀಲಿ ಒತ್ತು. ಈಗ ಮಾತ್ರ ಒತ್ತಬಾರದು. ಒತ್ತಿದರೆ ಮತ್ತೆ ಸಿಡಿಯಿಂದಲೇ ಮೊದಲಾಗುತ್ತದೆ. ಸುಮ್ಮನೆ ಕೈಕಟ್ಟಿ ಕೂತರೆ ಕೆಲವು ಕ್ಷಣ ಕಾದು ಪಟ್ಟಿಯಲ್ಲಿ ಕೆಳಗಿನ ಹಾರ್ಡ್ ಡಿಸ್ಕಿಗೆ ಹೋಗಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕೊನೆಗೆ 25 ಅಕ್ಷರಗಳ ಕೀಲಿ ಸಂಖ್ಯೆ ಬೇಕೆಂದಿತು. ಮಾಳಿಗೆ ಹತ್ತಿ ಕ್ಯಾಬಿನೆಟ್ಟಿನ ಬದಿಯ ಚೀಟಿಯನ್ನು ಟಾರ್ಚು ಹಿಡಿದು ಓದಿದೆ. ಈ ನಡುವೆ ಎರಡು ಸಲ ಕರೆಂಟು ಹೋಯಿತು. ಆಷಾಢದಲ್ಲಿ ಸಿದ್ದಾಪುರದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪನ ಡೆಸ್ಕ್‌ಟಾಪ್ ಬಂತು. ಎಡಬದಿಯಲ್ಲಿ ಅವರು ಜೋಡಿಸಿಟ್ಟಿದ್ದ ಫೋಲ್ಡರುಗಳು ಅದೇ ಸಾಲಿನಲ್ಲಿ. ದೊಡ್ಡಾಯಿ ಅಡಿಕೆ ಬಿಟ್ಟು ಬಂದು ಪಕ್ಕದಲ್ಲಿ ಕೂತರು, ಮಾತಾಡಲಿಲ್ಲ.

ಪೇಜ್‌ಮೇಕರ್ ತೆರೆದು ಹಸೆಗೆ ಕರೆವ ಹಾಡಿನ ಪುಟಕ್ಕೆ ಹೋದೆ. ಅಕ್ಷರಗಳು, ಎರಡು ಗುರುತುಗಳು, ಎಲ್ಲ ಸರಿಯಾಗಿದ್ದವು. ಪುಟದ ನಡುವೆ ದೊಡ್ಡ ಅಕ್ಷರದಲ್ಲಿ ಸಿದ್ದಾಪುರದ ಪಾಠ. ಕೆಳಗೆ ಗೆರೆ, ಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಶಿ.’, ‘ಯ.’ ಎಂಬ ಸಂಕೇತಗಳೊಡನೆ ಶಿರಸಿ, ಯಲ್ಲಾಪುರದ ಪಾಠಾಂತರ. ಮೂರನೆಯ ಸಾಲಿನಲ್ಲಿ ಇಂಥ ಮಾತಿನ ಬದಲು ಇಂಥದು, ಏಳನೆಯದರಲ್ಲಿ ಇಂಥದು. ದೊಡ್ಡಪ್ಪ ಓದಿದ ವಿದ್ವತ್ತಿನ ಪುಸ್ತಕಗಳಲ್ಲಿ ಇರುವ ಕ್ರಮವೇ ಇದು. ನನ್ನ ಮಾರ್ಗದರ್ಶಕರೂ ಒಂದು ಆಧಾರ ಪಾಠ ಹಿಡಿ, ಉಳಿದವನ್ನು ಅಡಿಟಿಪ್ಪಣಿಗೆ ಹಾಕು ಎಂದೇ ಹೇಳಿದ್ದರು. ಜಾನಪದದಲ್ಲಿ ಈ ಆಸೆಗೆ ದೊಡ್ಡ ವಂಶವಿದೆ. ಫಿನ್ಲೆಂಡಿನ ಕಾರ್ಲೆ ಕ್ರೋನ್ ಮತ್ತು ಅವರ ಹಾದಿಯವರು ಒಂದು ಕಥೆಯ ನೂರಾರು ರೂಪಗಳನ್ನು ನಕ್ಷೆಯ ಮೇಲೆ ಹರಡಿ ಮೊದಲ ರೂಪ ಎಲ್ಲಿ ಹುಟ್ಟಿತೆಂದು ಹುಡುಕಿದರು. ಹಾಗೆ ಹುಡುಕಿದ್ದರಿಂದಲೇ ಎಷ್ಟೋ ಸಂಗ್ರಹಗಳು ಆದವು, ಅದನ್ನು ಮರೆಯಬಾರದು. ಎ. ಕೆ. ರಾಮಾನುಜನ್ ಮಾತ್ರ 1991ರಲ್ಲಿ ಅಚ್ಚಾದ, ಮುನ್ನೂರು ರಾಮಾಯಣಗಳನ್ನು ಕುರಿತ ತಮ್ಮ ಪ್ರಬಂಧದಲ್ಲಿ ಪಾಠಾಂತರ ಎಂಬ ಮಾತನ್ನೇ ಬದಿಗಿಟ್ಟರು. ಅಂತರ ಎಂದಾಕ್ಷಣ ಎಲ್ಲೋ ಒಂದು ಮೂಲವಿದೆ ಎಂದಾಗುತ್ತದೆ. ಅದರ ಬದಲು ಅವರು ಇಂಗ್ಲಿಷಿನಲ್ಲಿ ಬಳಸಿದ ಪದಕ್ಕೆ ಕನ್ನಡದಲ್ಲಿ ಹೇಳಿಕೆ ಎನ್ನಬಹುದು. ಹಾಡನ್ನು ಹೇಳುವ ನಮ್ಮ ಕಡೆಯವರಿಗೆ ಆ ಮಾತು ಸಲೀಸು.

ದೊಡ್ಡಾಯಿಯ ತವರು ಮಂಚಿಕೇರಿಯ ಹತ್ತಿರ, ಯಲ್ಲಾಪುರ ತಾಲೂಕು. ದೊಡ್ಡಪ್ಪ ಟೇಪಿಗೆ ಹಿಡಿದ ಮೊದಲ ದನಿ ದೊಡ್ಡಾಯಿಯ ಆಯಿಯದೇ. ಪುಟವನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ, ‘ಇದು ಯಮ್ಮನೆ ಆಯಿ ಹೇಳ್ತಿದ್ದಿದ್ದು ಅಲ್ದ’ ಎಂದರು. ಕೆಳಗೆ ಸಣ್ಣ ಅಕ್ಷರ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಮೇಲಿನ ಸಾಲು ಅರ್ಧ, ಕೆಳಗಿನ ಮಾತು ಅರ್ಧ ಜೋಡಿಸಿ ಹೇಳಿಕೊಳ್ಳತೊಡಗಿದರು. ಕೆಲವು ಕಡೆ ಬೆರಳು ತಪ್ಪಿತು, ದನಿ ತಪ್ಪಲಿಲ್ಲ. ಟಿಪ್ಪಣಿಯ ಕೊನೆಯಲ್ಲಿ, ಯಲ್ಲಾಪುರದಲ್ಲಿ ಒಂದು ನುಡಿ ಹೆಚ್ಚು ಎಂದಷ್ಟೇ ಇತ್ತು. ಆ ನುಡಿ ಇರಲಿಲ್ಲ. ದೊಡ್ಡಾಯಿ ನಿಲ್ಲಿಸಿದರು. ಅವರಿಗೂ ಅದರ ಮೊದಲ ಎರಡು ಮಾತಿನ ಆಚೆ ನೆನಪಿಗೆ ಬರಲಿಲ್ಲ. ಅವರ ಆಯಿ ಹೋಗಿ ಎಷ್ಟೋ ವರ್ಷವಾಗಿದೆ, ಅಕ್ಕತಂಗಿಯರಲ್ಲಿ ಯಾರೂ ಉಳಿದಿಲ್ಲ.

ಪೇಜ್‌ಮೇಕರ್ ಬಳಸಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ಪುಟದ ಸುತ್ತ ಒಂದು ಖಾಲಿ ಬಯಲಿದೆ. ಅಚ್ಚಿನ ಹಳೆಯ ಕಾಲದಲ್ಲಿ ಪುಟ ಅಂಟಿಸುವವರ ಮೇಜು ಇದ್ದಂತೆ. ಎಲ್ಲಿ ಕೂರಿಸಬೇಕೆಂದು ಇನ್ನೂ ನಿರ್ಧರಿಸದ ಚೂರುಗಳನ್ನು ಅಲ್ಲಿ ಎಳೆದಿಡಬಹುದು. ಪುಟ ಯಾವುದೇ ಇರಲಿ, ಆ ಬಯಲು ಒಂದೇ. ಅದರ ಮೇಲಿದ್ದದ್ದು ಅಚ್ಚಿಗೆ ಹೋಗುವುದಿಲ್ಲ, ಪಿಡಿಎಫ್ ಮಾಡಿದರೂ ಬರುವುದಿಲ್ಲ. ಪುಟವನ್ನು ಚಿಕ್ಕದಾಗಿಸಿ ನೋಡಿದೆ. ಬಲಬದಿಯ ಬಯಲಿನಲ್ಲಿ ಹತ್ತು ಹನ್ನೆರಡು ಚೂರು ಪಠ್ಯ ಒಂದರ ಕೆಳಗೊಂದು ಇದ್ದವು. ಎಲ್ಲಕ್ಕೂ ತಲೆಯಲ್ಲಿ ‘ಯ.’ ಅಥವಾ ‘ಶಿ.’. ದೊಡ್ಡಪ್ಪ ಅಡಿಟಿಪ್ಪಣಿಗೆ ದೂಡಲು ಮನಸ್ಸು ಬಾರದೆ, ಮಧ್ಯದಲ್ಲಿ ಕೂರಿಸಲು ಜಾಗ ಕಾಣದೆ ಅಲ್ಲಿ ಇಟ್ಟಿದ್ದರೆಂದು ತೋರುತ್ತದೆ. ಮೇಲಿನಿಂದ ನಾಲ್ಕನೆಯದು ದೊಡ್ಡಾಯಿ ಹುಡುಕುತ್ತಿದ್ದ ನುಡಿ.

ಅದನ್ನು ದೊಡ್ಡದು ಮಾಡಿ ತೋರಿಸಿದೆ. ಎರಡು ಸಲ ಮನಸ್ಸಿನಲ್ಲೇ ಓದಿದರು. ಮೂರನೆಯ ಸಲ ದನಿ ತೆಗೆದರು, ಗುರುತು ಇದ್ದಲ್ಲಿ ಎಳೆದರು. ಹೆಚ್ಚಿನ ನುಡಿ ಎಂದರೆ ಕೊನೆಯದೇ ಇರಬೇಕೆಂದು ತಿಳಿದು ನಾನು ಪೆನ್ಸಿಲ್ ಹಿಡಿದು, ಇದು ಹತ್ತನೆಯ ನುಡಿಯ ಆಚೆಗೋ ಎಂದು ಕೇಳಿದೆ.

‘ಅದು ಕಡೆಗೆ ಅಲ್ದ ತಮಾ, ಸುರುವಿಗೆ. ಅದ್ನ ಹೇಳ್ದೇ ಹಾಡು ಹೊರಡ್ತಿಲ್ಲೆ.’

ನನ್ನ ಪ್ರಬಂಧದಲ್ಲಿ ಈಗ ಮೂರು ತಾಲೂಕಿನ ಹೇಳಿಕೆಗಳು ಪಕ್ಕಪಕ್ಕದ ಮೂರು ಕಂಬಗಳಲ್ಲಿ ಹೋಗುತ್ತಿವೆ. ಯಾವುದಕ್ಕೂ ಅಡಿಟಿಪ್ಪಣಿಯಿಲ್ಲ. ಪುಟ ಅಡ್ಡಡ್ಡ ತಿರುಗಿಸಬೇಕಾಗುತ್ತದೆ, ಬೈಂಡಿಂಗಿಗೆ ತೊಂದರೆ ಎಂದು ಮಾರ್ಗದರ್ಶಕರು ಗೊಣಗಿ ಒಪ್ಪಿದ್ದಾರೆ. ಎಡಗಡೆಯ ಮೊದಲ ಕಂಬ ಯಾರದೆಂಬ ಜಗಳ ಇದ್ದೇ ಇದೆ. ಅದನ್ನು ಹಾಡಿನಿಂದ ಹಾಡಿಗೆ ಬದಲಾಯಿಸುತ್ತಿದ್ದೇನೆ. ವರ್ಚುವಲ್ ಮಷಿನ್ನಿನ ಪಟ್ಟಿಯಲ್ಲಿ ಹಾರ್ಡ್ ಡಿಸ್ಕನ್ನು ಮತ್ತೆ ಮೇಲಕ್ಕೆ ಏರಿಸಿ ಸಿಡಿ ತೆಗೆದಿದ್ದೇನೆ. ಬಯಲಿನ ಮೇಲಿನ ಉಳಿದ ಚೂರುಗಳನ್ನು ದೊಡ್ಡಾಯಿಯ ಜೊತೆ ಕೂತು ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದೇವೆ. ಎರಡಕ್ಕೆ ಹಾಡು ಯಾವುದೆಂದೇ ಗೊತ್ತಾಗಿಲ್ಲ. ಯಲ್ಲಾಪುರದ ಕಡೆ ಕೇಳಿಕೊಂಡು ಬರಬೇಕು. ಮುಂದಿನ ತಿಂಗಳು ಮಂಚಿಕೇರಿಯಲ್ಲಿ ಒಂದು ಮದುವೆಯಿದೆ. ಹಸೆಗೆ ಕರೆವ ಹಾಡನ್ನು ಮೊದಲ ನುಡಿಯ ಸಮೇತ ಪ್ರಿಂಟ್ ತೆಗೆದುಕೊಡು ಎಂದಿದ್ದಾರೆ ದೊಡ್ಡಾಯಿ, ಅಕ್ಷರ ದೊಡ್ಡದಿರಬೇಕಂತೆ.